‘ಗೆಟ್’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

‘ಗೆಟ್’ ಅರ್ಥ ನೋಡಲು ನಿಘಂಟು ತೆಗೆದರೆ ಪಡೆ, ಸಿಗು, ತಲುಪು, ಆಗು, ಅರ್ಥವಾಗು, ಮಾಡಿಸು ಎಂದು ಸಾಲಾಗಿ ಕೊಟ್ಟಿರುತ್ತಾರೆ. ಎಲ್ಲವೂ ಸರಿಯೇ. ಆದರೆ ಎದುರಿಗಿರುವ ವಾಕ್ಯಕ್ಕೆ ಇದರಲ್ಲಿ ಯಾವುದು ಎಂಬುದು ಅಲ್ಲಿ ಸಿಗುವುದಿಲ್ಲ. ಅದು ತಿಳಿಯಬೇಕಾದರೆ ‘ಗೆಟ್’ ಮುಂದೆ ಏನು ನಿಂತಿದೆ ನೋಡಬೇಕು. ವಸ್ತುವಿನ ಹೆಸರಿದ್ದರೆ ಸಿಗು, ತಗೊಳ್ಳು. ‘ಆಂಗ್ರಿ’, ‘ವೆಟ್’, ‘ಟೈರ್ಡ್’ ಇಂಥ ಗುಣವಾಚಕವಿದ್ದರೆ ಆಗು. ‘ಟು’ ಜೊತೆ ಊರಿನ ಹೆಸರಿದ್ದರೆ ಮುಟ್ಟು. ವಸ್ತುವಿನ ಬೆನ್ನಿಗೆ ಕ್ರಿಯಾಪದದ ಮೂರನೇ ರೂಪವಿದ್ದರೆ ಮಾಡಿಸು.

ಇದು ಓದುವವರ ದಾರಿ. ಮಾತಾಡುವಾಗ, ಬರೆಯುವಾಗ ದಾರಿ ತಿರುವುಮುರುವು: ತಲೆಯಲ್ಲಿ ಮೊದಲು ಹುಟ್ಟುವುದು ಕನ್ನಡದ ಕ್ರಿಯಾಪದ, ಅದಕ್ಕೆ ಇಂಗ್ಲಿಷಿನದು ಆಮೇಲೆ ಹುಡುಕುವುದು. ಹಾಗಾಗಿ ಕೆಳಗಿನ ಹೋಲಿಕೆಯನ್ನು ಕನ್ನಡದ ಕ್ರಿಯಾಪದ ಹಿಡಿದೇ ಮಾಡಿದೆ. ಕಲಬುರಗಿಯಲ್ಲಿ ದಖ್ಖನಿ ಮಾತಾಡುವವರೂ ಬೀದರ್ ಕಡೆ ಮರಾಠಿ ಮಾತಾಡುವವರೂ ಇದನ್ನೇ ಬಳಸಿಕೊಳ್ಳಬಹುದು. ‘ಮಿಲ್ ಗಯಾ’, ‘ಹೋ ಗಯಾ’, ‘ಝಾಲಂ’ ಎಂಬವು ಎಡವಿಸುವ ಜಾಗಗಳೂ ಹೆಚ್ಚುಕಡಿಮೆ ಇವೇ.

ಸಿಗು

‘ಪುಸ್ತಕ ಸಿಕ್ತು’, ‘ನೌಕರಿ ಸಿಕ್ತು’, ‘ರಜಾ ಸಿಗಲಿಲ್ಲ’. ಇಲ್ಲೆಲ್ಲ ‘ಗೆಟ್’ ಕಣ್ಣುಮುಚ್ಚಿ ಹಾಕಬಹುದು: ‘ಐ ಗಾಟ್ ಎ ಜಾಬ್’, ‘ಐ ಡಿಡ್ನ್ಟ್ ಗೆಟ್ ಲೀವ್’. ಆದರೆ ನಮ್ಮ ‘ಸಿಗು’ ಇದಕ್ಕಿಂತ ಅಗಲ.

ಕಳೆದುಹೋದದ್ದು ಸಿಕ್ಕರೆ ‘ಫೈಂಡ್’. ‘ಕೀಲಿ ಸಿಕ್ತು’ ಅನ್ನುವುದಕ್ಕೆ ‘ಐ ಗಾಟ್ ದ ಕೀ’ ಎಂದರೆ ಯಾರೋ ನಿಮ್ಮ ಕೈಗೆ ಕೀಲಿ ಕೊಟ್ಟರು ಎಂದಾಗುತ್ತದೆ. ಹುಡುಕಿ ಸಿಕ್ಕಿದ್ದರೆ ‘ಐ ಫೌಂಡ್ ದ ಕೀ’. ಮನುಷ್ಯರು ಸಿಕ್ಕರೆ ‘ಮೀಟ್’. ‘ಸೂಪರ್ ಮಾರ್ಕೆಟ್‌ನಾಗ ನಿಮ್ಮ ಅಣ್ಣ ಸಿಕ್ಕಿದ್ದ’ ಎಂಬುದು ‘ಐ ಮೆಟ್ ಯುವರ್ ಬ್ರದರ್’. ಅಂದುಕೊಳ್ಳದೆ ಎದುರಾದದ್ದಾದರೆ ‘ಐ ರ್‍ಯಾನ್ ಇಂಟು ಯುವರ್ ಬ್ರದರ್’. ‘ಐ ಗಾಟ್ ಯುವರ್ ಬ್ರದರ್’ ಎಂದರೆ ಅವನನ್ನು ಹಿಡಿದೆ ಎಂಬ ಧ್ವನಿ ಬರುತ್ತದೆ. ಅಂಗಡಿಯಲ್ಲಿ ಸಿಗುವ ಮಾಲಿಗೆ ಎರಡು ದಾರಿ: ಮಾತಿಗೆ ‘ಯು ಗೆಟ್ ಗುಡ್ ತೂರ್ ದಾಲ್ ಹಿಯರ್’, ಬೋರ್ಡಿಗೆ ‘ತೂರ್ ದಾಲ್ ಅವೈಲಬಲ್’. ‘ತೂರ್ ದಾಲ್ ಗೆಟ್ಸ್ ಹಿಯರ್’ ಎಂಬುದು ಮಾತ್ರ ಯಾವ ಲೆಕ್ಕದಲ್ಲೂ ನಡೆಯದು. ತೊಗರಿಬೇಳೆ ತಾನಾಗಿ ಏನನ್ನೂ ಪಡೆಯುವುದಿಲ್ಲ, ಪಡೆಯುವವರು ನಾವು.

ಇನ್ನು ‘ರಿಸೀವ್’, ‘ಆಬ್ಟೇನ್’. ಇವೆರಡೂ ‘ಗೆಟ್’ನ ದೊಡ್ಡಸ್ತಿಕೆಯ ರೂಪಗಳೆಂದು ಹಲವರು ತಿಳಿದಿದ್ದಾರೆ. ನಡುವೆ ವ್ಯತ್ಯಾಸವಿದೆ. ತಾನಾಗಿ ಬಂದು ಸೇರಿದ್ದು ‘ರಿಸೀವ್’: ಪತ್ರ, ಮೇಲ್, ನೋಟಿಸು, ಬಹುಮಾನ. ಓಡಾಡಿ, ಅರ್ಜಿ ಹಾಕಿ ಪಡೆದದ್ದು ‘ಆಬ್ಟೇನ್’: ಅನುಮತಿ, ಲೈಸೆನ್ಸ್, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ. ‘ಗೆಟ್’ ಎರಡಕ್ಕೂ ಹೊಂದುತ್ತದೆ. ಹಾಗೆಂದು ‘ಗೆಟ್’ ಇದ್ದಲ್ಲೆಲ್ಲ ಇವನ್ನು ತುರುಕುವಂತಿಲ್ಲ. ‘ಐ ಆಬ್ಟೇನ್ಡ್ ಫೀವರ್’ ಎಂದರೆ ಜ್ವರಕ್ಕೆ ಅರ್ಜಿ ಹಾಕಿದಂತಾಯಿತು.

ಮಾರ್ಕ್ಸ್ ವಿಷಯದಲ್ಲಿ ಬಯೋಡೇಟಾಗಳಲ್ಲಿ ‘ಸೆಕ್ಯೂರ್ಡ್’ ಬಹಳ. ಇದು ಭಾರತದ ಇಂಗ್ಲಿಷು. ಇಲ್ಲಿನ ಕಚೇರಿಗಳಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಹೊರದೇಶಕ್ಕೆ ಕಳಿಸುವುದಾದರೆ ‘ಐ ಸ್ಕೋರ್ಡ್ 560 ಔಟ್ ಆಫ್ 625 ಇನ್ ಎಸ್ಸೆಸ್ಸೆಲ್ಸಿ’ ಎಂದು ಬರೆಯಿರಿ. ಬಾಯಿಮಾತಿಗೆ ‘ಐ ಗಾಟ್ 560’ ಸಾಕು.

ಬರು

‘ನನಗ ಸಿಟ್ಟು ಬಂತು’, ‘ಜ್ವರ ಬಂತು’, ‘ಪಗಾರ ಬಂತು’, ‘ನಿದ್ದಿ ಬಂತು’. ಕನ್ನಡದಲ್ಲಿ ಬರುವುದು ಸಿಟ್ಟು, ನಾವು ‘ನನಗೆ’ ಎಂದು ಬದಿಗೆ ನಿಲ್ಲುತ್ತೇವೆ. ಇಂಗ್ಲಿಷಿನಲ್ಲಿ ನಾವೇ ಮುಂದೆ ಬಂದು ನಿಲ್ಲಬೇಕು, ‘ಐ ಗಾಟ್’ ಎನ್ನಬೇಕು. ‘ಆಂಗರ್ ಕೇಮ್ ಟು ಮಿ’ ಎಂದು ಬರೆಯುವವರು ಈಗ ಕಡಿಮೆ. ಅದರ ಬದಲು ‘ಐ ಗಾಟ್ ಆಂಗರ್’ ಎಂಬುದು ಕೇಳಿಸುತ್ತದೆ. ಸರಿಯಾದದ್ದು ‘ಐ ಗಾಟ್ ಆಂಗ್ರಿ’. ಭಾವನೆಗೆ ನಾಮಪದ ಬೇಡ, ಗುಣವಾಚಕ ಬೇಕು: ‘ಗಾಟ್ ಸ್ಕೇರ್ಡ್’, ‘ಗಾಟ್ ಬೋರ್ಡ್’, ‘ಗಾಟ್ ಸ್ಲೀಪಿ’. ರೋಗಕ್ಕೆ ಮಾತ್ರ ನಾಮಪದ: ‘ಐ ಗಾಟ್ ಎ ಫೀವರ್’, ‘ಹಿ ಗಾಟ್ ಮಲೇರಿಯಾ’. ನೆಗಡಿಗೆ ‘ಕಾಟ್ ಎ ಕೋಲ್ಡ್’ ಕೂಡ ಬರುತ್ತದೆ.

‘ಬರು’ ಇದ್ದೂ ‘ಗೆಟ್’ ಬರಬಾರದ ಕಡೆಗಳಿವೆ. ‘ನೆನಪು ಬಂತು’ ಎಂಬುದು ‘ಐ ರಿಮೆಂಬರ್ಡ್’. ‘ನನಗ ಇಂಗ್ಲಿಷ್ ಬರ್ತದ’ ಎಂಬುದು ‘ಐ ನೋ ಇಂಗ್ಲಿಷ್’ ಅಥವಾ ‘ಐ ಸ್ಪೀಕ್ ಇಂಗ್ಲಿಷ್’. ‘ಕರೆಂಟ್ ಬಂತು’ ಎಂಬುದು ‘ದ ಪವರ್ ಈಸ್ ಬ್ಯಾಕ್’. ‘ಮಳಿ ಬಂತು’ ಎಂಬುದು ‘ಇಟ್ ರೈನ್ಡ್’. ಆದರೆ ‘ಈ ವರ್ಷ ನಮಗ ಮಳಿ ಚಲೋ ಬಂತು’ ಎನ್ನುವಾಗ ಮಳೆ ನಮಗೆ ದಕ್ಕಿದ ಲೆಕ್ಕ. ಅಲ್ಲಿ ‘ವಿ ಗಾಟ್ ಗುಡ್ ರೈನ್ ದಿಸ್ ಇಯರ್’ ಸೊಗಸಾಗಿ ಕೂರುತ್ತದೆ. ‘ನನಗ’, ‘ನಮಗ’ ವಾಕ್ಯದಲ್ಲಿ ಇದ್ದರೆ ‘ಗೆಟ್’ ಒಮ್ಮೆ ಇಟ್ಟು ನೋಡಿ. ಇಲ್ಲದಿದ್ದರೆ ಬೇರೆ ಕ್ರಿಯಾಪದ ಹುಡುಕಿ. ‘ಇಂಗ್ಲಿಷ್ ಬರ್ತದ’ ಥರದವು ಈ ಪರೀಕ್ಷೆಗೆ ಬಗ್ಗುವುದಿಲ್ಲ, ಅವನ್ನು ಬಾಯಿಪಾಠವೇ ಮಾಡಬೇಕು.

‘ಐ ಗಾಟ್ ಎ ಡೌಟ್’ ಭಾರತದಾಚೆ ವಿಚಿತ್ರವಾಗಿ ಕೇಳಿಸುತ್ತದೆ. ‘ಡೌಟ್’ ಎಂದರೆ ಅವರಿಗೆ ಅಪನಂಬಿಕೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ.

ಬಂತೋ, ಅದನೋ

‘ನನಗ ಎರಡು ಎಕರೆ ಬಂತು’ ಮತ್ತು ‘ನನಗ ಎರಡು ಎಕರೆ ಅದ’. ಪಾಲು ಹಂಚಿಕೆ ಆದ ಮನೆಯಲ್ಲಿ ಈ ಎರಡು ಮಾತಿನ ಅಂತರ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದು ‘ಐ ಗಾಟ್ ಟೂ ಏಕರ್ಸ್’, ಎರಡನೆಯದು ‘ಐ ಹ್ಯಾವ್ ಟೂ ಏಕರ್ಸ್’ ಅಥವಾ ‘ಐ ಹ್ಯಾವ್ ಗಾಟ್ ಟೂ ಏಕರ್ಸ್’. ‘ಹ್ಯಾವ್ ಗಾಟ್’ನಲ್ಲಿ ‘ಗಾಟ್’ ಇದ್ದರೂ ಅದು ವರ್ತಮಾನ, ಈಗ ಇರುವುದನ್ನು ಹೇಳುತ್ತದೆ. ನಡುವಿನ ‘ಹ್ಯಾವ್’ ನುಂಗಿದರೆ ವಾಕ್ಯ ಭೂತಕಾಲಕ್ಕೆ ಜಾರುತ್ತದೆ. ‘ಐ ಗಾಟ್ ಟೂ ಸಿಸ್ಟರ್ಸ್’ ಎಂದು ಸಿನಿಮಾಗಳಲ್ಲಿ ಕೇಳಬಹುದು, ಪರೀಕ್ಷೆಯಲ್ಲಿ ಬರೆದರೆ ತಪ್ಪು.

ಕಂಡಕ್ಟರ್ ‘ಚಿಲ್ಲರ ಅದೇನ್ರಿ?’ ಎಂದು ಕೇಳುವುದು ‘ಹ್ಯಾವ್ ಯು ಗಾಟ್ ಚೇಂಜ್?’ ಅಥವಾ ‘ಡು ಯು ಹ್ಯಾವ್ ಚೇಂಜ್?’. ‘ಆರ್ ಯು ಹ್ಯಾವಿಂಗ್ ಚೇಂಜ್?’ ಬೇಡ, ನಿಮ್ಮಲ್ಲಿ ಇರುವ ವಸ್ತುವಿಗೆ ‘ಹ್ಯಾವಿಂಗ್’ ಬರುವುದಿಲ್ಲ. ಇಳಿದ ಮೇಲೆ ಜೊತೆಯವರು ‘ಚಿಲ್ಲರ ಬಂತೇನು?’ ಎಂದು ಕೇಳಿದರೆ ಅದು ‘ಡಿಡ್ ಯು ಗೆಟ್ ಯುವರ್ ಚೇಂಜ್?’.

ಅಮೆರಿಕದವರಲ್ಲಿ ‘ಗಾಟನ್’ ಎಂಬ ಇನ್ನೊಂದು ಮೂರನೇ ರೂಪವಿದೆ. ‘ಹ್ಯಾಸ್ ಗಾಟನ್ ಬೆಟರ್’ ಎಂದರೆ ಸುಧಾರಿಸಿದೆ. ಇರುವುದನ್ನು ಹೇಳಲು ಅವರೂ ‘ಗಾಟನ್’ ಬಳಸುವುದಿಲ್ಲ. ನಮ್ಮ ಪಠ್ಯಗಳು ಬ್ರಿಟಿಷ್ ರೂಢಿಯವಾದ್ದರಿಂದ ‘ಗೆಟ್, ಗಾಟ್, ಗಾಟ್’ ಕಲಿತರೆ ಸಾಕು. ಒಂದೇ ಬರಹದಲ್ಲಿ ಎರಡೂ ಬೆರೆಸಬೇಡಿ.

ಆಗು

ಹೆಚ್ಚು ಜಾಗ ಕೊಡಬೇಕಾದದ್ದು ಇದಕ್ಕೆ. ‘ಗೆಟ್’ ತಪ್ಪುಗಳಲ್ಲಿ ದೊಡ್ಡ ಪಾಲು ‘ಆಯ್ತು’ ಎಂಬುದನ್ನು ‘ಗಾಟ್’ ಮಾಡಿದ್ದರಿಂದ ಹುಟ್ಟಿದವು.

ಮೊದಲು ಸಲೀಸಾದದ್ದು. ಆಗುವುದು ಗುಣವಾದರೆ ‘ಗೆಟ್’, ಆಗುವುದು ಒಂದು ಪದವಿ ಅಥವಾ ವಸ್ತುವಾದರೆ ‘ಬಿಕಮ್’. ‘ಆಕಿ ಸುಸ್ತಾದಳು’ ಎಂಬುದು ‘ಶಿ ಗಾಟ್ ಟೈರ್ಡ್’. ‘ಆಕಿ ಡಾಕ್ಟರ್ ಆದಳು’ ಎಂಬುದು ‘ಶಿ ಬಿಕೇಮ್ ಎ ಡಾಕ್ಟರ್’. ಇಲ್ಲಿ ‘ಶಿ ಗಾಟ್ ಎ ಡಾಕ್ಟರ್’ ಎಂದರೆ ಆಕೆ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಂಡಳು, ಕರೆತಂದಳು ಎಂದರ್ಥ. ಕಲಬುರಗಿಯಿಂದ ಬೇರೆಯಾಗಿ ‘ಯಾದಗಿರಿ ಬಿಕೇಮ್ ಎ ಡಿಸ್ಟ್ರಿಕ್ಟ್’; ‘ಗಾಟ್ ಎ ಡಿಸ್ಟ್ರಿಕ್ಟ್’ ಅಲ್ಲ. ಗುಣವಾಚಕಕ್ಕೆ ‘ಬಿಕಮ್’ ಕೂಡ ನಡೆಯುತ್ತದೆ, ಸ್ವಲ್ಪ ಗಂಭೀರವಾಗಿರುತ್ತದೆ: ಬರಹದಲ್ಲಿ ‘ಬಿಕೇಮ್ ಆಂಗ್ರಿ’, ಮಾತಿನಲ್ಲಿ ‘ಗಾಟ್ ಆಂಗ್ರಿ’. ಮೆಲ್ಲಗೆ ಆಗುತ್ತಿರುವುದಕ್ಕೆ ‘ಗೆಟಿಂಗ್’ಗಿಂತ ಸುಲಭದ ಮಾತಿಲ್ಲ. ಏಪ್ರಿಲ್ ಬಂದರೆ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವ ಹೊತ್ತು: ‘ಇಟ್ಸ್ ಗೆಟಿಂಗ್ ಹಾಟರ್ ಎವ್ರಿ ಡೇ’.

ಕೆಲವು ಗುಣಗಳು ‘ಗೆಟ್’ ಒಲ್ಲೆ ಎನ್ನುತ್ತವೆ. ಹಾಲು, ಸಾರು ಕೆಟ್ಟರೆ ‘ವೆಂಟ್ ಬ್ಯಾಡ್’. ಕಣ್ಣು ಕಾಣದಾದರೆ ‘ವೆಂಟ್ ಬ್ಲೈಂಡ್’. ಬಣ್ಣ ಬದಲಾದರೆ, ವಯಸ್ಸು ತುಂಬಿದರೆ ‘ಟರ್ನ್ಡ್’: ‘ದ ಲೀವ್ಸ್ ಟರ್ನ್ಡ್ ಯೆಲೊ’, ‘ಶಿ ಟರ್ನ್ಡ್ 18’.

ಇನ್ನು ತೊಡಕು. ‘ಬೆಲೆ ಹೆಚ್ಚಾಯ್ತು’, ‘ಕಾರ್ಯಕ್ರಮ ಶುರುವಾಯ್ತು’, ‘ಹುಡುಗ ಫೇಲಾದ’, ‘ಔಷಧ ಎಕ್ಸ್‌ಪೈರ್ ಆಯ್ತು’. ಇವು ‘ದ ಪ್ರೈಸ್ ಗಾಟ್ ಇನ್‌ಕ್ರೀಸ್ಡ್’, ‘ದ ಪ್ರೋಗ್ರಾಮ್ ಗಾಟ್ ಸ್ಟಾರ್ಟೆಡ್’, ‘ಹಿ ಗಾಟ್ ಫೇಲ್ಡ್’, ‘ದ ಮೆಡಿಸಿನ್ ಗಾಟ್ ಎಕ್ಸ್‌ಪೈರ್ಡ್’ ಎಂದಾಗಿ ಹೊರಬೀಳುತ್ತವೆ. ನಾಲ್ಕರಲ್ಲೂ ‘ಗಾಟ್’ ಕಿತ್ತು ಹಾಕಿದರೆ ವಾಕ್ಯ ತಾನೇ ಸರಿಯಾಗುತ್ತದೆ: ‘ದ ಪ್ರೈಸ್ ಇನ್‌ಕ್ರೀಸ್ಡ್’, ‘ದ ಪ್ರೋಗ್ರಾಮ್ ಸ್ಟಾರ್ಟೆಡ್’, ‘ಹಿ ಫೇಲ್ಡ್’, ‘ದ ಮೆಡಿಸಿನ್ ಎಕ್ಸ್‌ಪೈರ್ಡ್’. ಕಾರಣ ಇಷ್ಟೇ: ಇಂಗ್ಲಿಷಿನ ‘ಇನ್‌ಕ್ರೀಸ್’, ‘ಸ್ಟಾರ್ಟ್’, ‘ಓಪನ್’, ‘ಚೇಂಜ್’ ಮೊದಲಾದವು ಮಾಡು, ಆಗು ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡಿವೆ. ‘ಫೇಲ್’, ‘ಎಕ್ಸ್‌ಪೈರ್’ ಇಲ್ಲಿ ಬರೇ ಆಗು. ‘ಆಯ್ತು’ಗೆ ಪ್ರತ್ಯೇಕ ಪದ ಹುಡುಕುವ ಅಗತ್ಯವೇ ಇಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಆರಂಭವಾಯಿತು: ‘ದ ಲೈನ್ ಓಪನ್ಡ್ ಇನ್ 2017’. ಅಲ್ಲಿಗೆ ಮುಗಿಯಿತು.

ಹಾಗಾದರೆ ‘ಗಾಟ್’ ಜೊತೆ ಮೂರನೇ ರೂಪ ಎಂದೂ ಬರುವುದಿಲ್ಲವೇ? ಬರುತ್ತದೆ. ಕೆಲಸ ಮಾಡಿದವರು ಬೇರೊಬ್ಬರಿದ್ದಾಗ. ‘ಅವರಿಗೆ ಟ್ರಾನ್ಸ್‌ಫರ್ ಆಯ್ತು’ ಎಂಬಲ್ಲಿ ವರ್ಗ ಮಾಡಿದವರು ಮೇಲಿನವರು: ‘ಹಿ ಗಾಟ್ ಟ್ರಾನ್ಸ್‌ಫರ್ಡ್ ಟು ಶಹಾಪುರ’. ‘ಫೋನ್ ಕಳವಾಯ್ತು’ ಎಂಬಲ್ಲಿ ಕದ್ದವನು ಇದ್ದೇ ಇದ್ದಾನೆ: ‘ಮೈ ಫೋನ್ ಗಾಟ್ ಸ್ಟೋಲನ್’. ಪರೀಕ್ಷೆ ಹೀಗೆ ಮಾಡಿ: ‘ಆಯ್ತು’ ತೆಗೆದು ‘ಯಾರೋ ಮಾಡಿದರು’ ಹಾಕಿ. ‘ಯಾರೋ ಟ್ರಾನ್ಸ್‌ಫರ್ ಮಾಡಿದರು’ ಕೂರುತ್ತದೆ, ‘ಗಾಟ್’ ಇರಲಿ. ‘ಔಷಧವನ್ನು ಯಾರೋ ಎಕ್ಸ್‌ಪೈರ್ ಮಾಡಿದರು’ ಕೂರುವುದಿಲ್ಲ, ‘ಗಾಟ್’ ತೆಗೆಯಿರಿ. ಬೆಲೆಯಂಥವು ಎರಡೂ ಕಡೆ ಸಲ್ಲುತ್ತವೆ. ಅಲ್ಲಿ ಸಂಶಯ ಬಂದರೆ ‘ಗಾಟ್’ ಬಿಡುವುದೇ ಲೇಸು. ಬ್ಯಾಂಕ್ ಪರೀಕ್ಷೆಗಳ ವಾಕ್ಯ ತಿದ್ದುವ ಪ್ರಶ್ನೆಗಳಿಗೂ, ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಗ್ರಾಫ್ ವಿವರಿಸುವಾಗಲೂ ಈ ಒಂದು ಪರೀಕ್ಷೆ ಬಹಳಷ್ಟು ತಪ್ಪುಗಳನ್ನು ತಡೆಯುತ್ತದೆ. ಏರಿಳಿತಕ್ಕೆ ‘ರೋಸ್’, ‘ಫೆಲ್’, ‘ಇನ್‌ಕ್ರೀಸ್ಡ್’. ‘ಗಾಟ್’ ಎಲ್ಲೂ ಬೇಡ.

‘ಲೇಟಾಯ್ತು’ ಎಂಬುದು ಮೂರು ತುಂಡಾಗುತ್ತದೆ. ಹೊತ್ತು ಸರಿಯುತ್ತಿದ್ದರೆ ‘ಇಟ್ಸ್ ಗೆಟಿಂಗ್ ಲೇಟ್’. ಬಸ್ಸು ತಡವಾಗಿ ಬಂದರೆ ‘ದ ಬಸ್ ವಾಸ್ ಲೇಟ್’. ದಾರಿಯಲ್ಲಿ ಏನೋ ನಿಮ್ಮನ್ನು ತಡೆದಿದ್ದರೆ ‘ಐ ಗಾಟ್ ಡಿಲೇಡ್’. ‘ಐ ಗಾಟ್ ಲೇಟ್’ ನಮ್ಮಲ್ಲಿ ದಿನಾ ಕೇಳುವ ಮಾತು, ಆದರೆ ಬರೆಯಬಾರದು.

‘ಸಾಲಿ ಬಿಡ್ತು’, ‘ಮೀಟಿಂಗ್ ಮುಗೀತು’ ಎನ್ನಲು ‘ಗಾಟ್ ಓವರ್’ ಎನ್ನುತ್ತಾರೆ. ಭಾರತದ ಹೊರಗೆ ‘ಗೆಟ್ ಓವರ್’ ಎಂದರೆ ಕಾಯಿಲೆಯಿಂದ, ದುಃಖದಿಂದ ಚೇತರಿಸಿಕೊಳ್ಳುವುದು: ‘ಶಿ ಗಾಟ್ ಓವರ್ ದ ಫೀವರ್’. ಮೀಟಿಂಗಿಗೆ ‘ದ ಮೀಟಿಂಗ್ ಈಸ್ ಓವರ್’ ಅಥವಾ ‘ಎಂಡೆಡ್ ಎಟ್ ಫೋರ್’.

ಮದುವೆಗೆ ‘ಗೆಟ್’ ಸರಿ, ವಿಭಕ್ತಿ ತಪ್ಪುತ್ತದೆ. ನಾವು ‘ಅವನ ಕೂಡ ಮದುವಿ ಆಯ್ತು’ ಎನ್ನುವುದರಿಂದ ‘ಮ್ಯಾರೀಡ್ ವಿತ್’ ಬರುತ್ತದೆ. ‘ಶಿ ಗಾಟ್ ಮ್ಯಾರೀಡ್ ಟು ಎ ಟೀಚರ್’ ಎನ್ನಬೇಕು.

ಮುಟ್ಟು, ಏರು, ಇಳಿ

‘ಒಂಬತ್ತಕ್ಕ ಬೀದರ್ ಮುಟ್ಟಿದಿವಿ’. ‘ಗಾಟ್’ಗೆ ‘ಟು’ ಬೇಕು, ‘ರೀಚ್ಡ್’ಗೆ ಏನೂ ಬೇಡ, ‘ಅರೈವ್ಡ್’ಗೆ ಊರಾದರೆ ‘ಇನ್’, ಸ್ಟೇಷನ್ ಆದರೆ ‘ಎಟ್’. ‘ರೀಚ್ಡ್ ಟು ಬೀದರ್’ ತಪ್ಪು. ‘ಬೀದರಿಗೆ’ ಎಂಬುದರ ‘-ಗೆ’ ಅಲ್ಲಿ ‘ಟು’ ಆಗಿ ನುಸುಳುತ್ತದೆ. ‘ಹೋಮ್’, ‘ಹಿಯರ್’, ‘ದೇರ್’ ಮುಂದೆ ಇದ್ದರೆ ‘ಗಾಟ್’ಗೂ ‘ಟು’ ಬೇಡ: ‘ಐ ಗಾಟ್ ಹೋಮ್ ಎಟ್ ನೈನ್’.

ಒಳಗೆ ನಿಂತು ಓಡಾಡಬಹುದಾದ ವಾಹನಕ್ಕೆ ‘ಗೆಟ್ ಆನ್, ಗೆಟ್ ಆಫ್’: ಬಸ್ಸು, ರೈಲು, ವಿಮಾನ. ಬಗ್ಗಿ ಕೂರುವ ವಾಹನಕ್ಕೆ ‘ಗೆಟ್ ಇನ್, ಗೆಟ್ ಔಟ್’: ಕಾರು, ಆಟೊ. ಬೈಕು, ಸೈಕಲ್ಲು, ಕುದುರೆಗೆ ಮತ್ತೆ ‘ಆನ್, ಆಫ್’. ‘ವಾಡಿಯೊಳಗ ಇಳೀರಿ’ ಎಂಬುದಕ್ಕೆ ‘ಗೆಟ್ ಡೌನ್ ಎಟ್ ವಾಡಿ’ ಎಂದರೆ ದೇಶದೊಳಗೆ ಎಲ್ಲರಿಗೂ ತಿಳಿಯುತ್ತದೆ. ಹೊರಗಿನವರಿಗೆ ‘ಗೆಟ್ ಡೌನ್’ ಎಂದರೆ ತಲೆ ತಗ್ಗಿಸಿ ಕೆಳಗೆ ಕೂರು ಎಂದು ಕೇಳಿಸುತ್ತದೆ. ‘ಗೆಟ್ ಆಫ್ ಎಟ್ ವಾಡಿ’ ಎಲ್ಲೆಡೆ ನಡೆಯುತ್ತದೆ.

ಮಾಡಿಸು

ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಅನುಕೂಲ ಇಲ್ಲಿದೆ. ಮಾಡು, ಮಾಡಿಸು, ಕಟ್ಟು, ಕಟ್ಟಿಸು, ಹೊಲಿ, ಹೊಲಿಸು. ಒಂದು ‘-ಇಸು’ ಹತ್ತಿದರೆ ಕೆಲಸ ಬೇರೆಯವರ ಕೈಗೆ ಹೋಯಿತು. ಇಂಗ್ಲಿಷಿನಲ್ಲಿ ಅದಕ್ಕೆ ‘ಗೆಟ್’, ವಸ್ತು, ಮೂರನೇ ರೂಪ, ಈ ಕ್ರಮದಲ್ಲೇ ಬರಬೇಕು: ‘ಐ ಗಾಟ್ ದ ಮೋಟರ್ ರಿಪೇರ್ಡ್’. ಕ್ರಮ ತಪ್ಪಿ ‘ಐ ಗಾಟ್ ರಿಪೇರ್ಡ್ ದ ಮೋಟರ್’ ಎಂದರೆ ವಾಕ್ಯ ಕುಸಿಯುತ್ತದೆ. ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಎಂದು ತಿಳಿಯುವವರಿದ್ದಾರೆ. ಅಂಗಡಿಗೆ ಹೋಗಿದ್ದರೆ ‘ಐ ಗಾಟ್ ಮೈ ಹೇರ್ ಕಟ್’.

ಯಾರಿಂದ ಮಾಡಿಸಿದಿರಿ ಎಂಬುದೂ ಬೇಕಾದರೆ ಮೂರು ಆಯ್ಕೆ. ‘ಐ ಗಾಟ್ ದ ಮೆಕ್ಯಾನಿಕ್ ಟು ರಿಪೇರ್ ಇಟ್’ ಎಂದರೆ ಹೇಳಿ, ಒಪ್ಪಿಸಿ ಮಾಡಿಸಿದ್ದು. ‘ಐ ಹ್ಯಾಡ್ ದ ಮೆಕ್ಯಾನಿಕ್ ರಿಪೇರ್ ಇಟ್’ ಎಂದರೆ ಅವನ ಕೆಲಸವೇ ಅದು, ವಹಿಸಿದೆ. ‘ಐ ಮೇಡ್ ದ ಮೆಕ್ಯಾನಿಕ್ ರಿಪೇರ್ ಇಟ್’ ಎಂದರೆ ಬಿಡದೆ ಗಂಟುಬಿದ್ದು ಮಾಡಿಸಿದ್ದು. ‘ಟು’ ಬರುವುದು ‘ಗಾಟ್’ ಜೊತೆ ಮಾತ್ರ.

ಒಂದು ಎಚ್ಚರ, ಪೊಲೀಸ್ ಠಾಣೆಗೂ ವಿಮೆ ಕಂಪನಿಗೂ ಬರೆಯುವವರಿಗೆ. ‘ಐ ಗಾಟ್ ಮೈ ಫೋನ್ ಸ್ಟೋಲನ್’ ಎಂಬುದನ್ನು ‘ಫೋನ್ ಕಳವು ಮಾಡಿಸಿದೆ’ ಎಂದೂ ಓದಬಹುದು. ‘ಮೈ ಫೋನ್ ವಾಸ್ ಸ್ಟೋಲನ್’ ಎಂದೇ ಬರೆಯಿರಿ.

‘ಗೆಟ್ ಟು’ ಮುಂದೆ ಕ್ರಿಯಾಪದ ಬಂದರೆ ಮತ್ತೆ ಅರ್ಥ ಬೇರೆ. ‘ಐ ಗಾಟ್ ಟು ಸೀ ದ ಫೋರ್ಟ್’ ಎಂದರೆ ಕೋಟೆ ನೋಡುವ ಅವಕಾಶ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಸೀ ದ ಫೋರ್ಟ್’ ಎಂದರೆ ನೋಡಲೇಬೇಕು. ಕಿವಿಗೆ ಎರಡೂ ಒಂದೇ ಥರ ಬಿದ್ದರೂ ‘ಹ್ಯಾವ್’ ಇದೆಯೋ ಇಲ್ಲವೋ ಗಮನಿಸಿ.

ತಿಳಿಯಿತು, ನಾ ನೋಡ್ತೀನಿ

‘ಗಾಟ್ ಇಟ್’ ಎಂದರೆ ತಿಳಿಯಿತು. ಗೆಳೆಯರಿಗೆ, ಸಹೋದ್ಯೋಗಿಗಳಿಗೆ ಸರಿ. ಹಿರಿಯ ಅಧಿಕಾರಿಗೆ ‘ಐ ಅಂಡರ್‌ಸ್ಟ್ಯಾಂಡ್, ಸರ್’ ಮರ್ಯಾದೆಯ ಮಾತು. ಸಂದರ್ಶನದಲ್ಲಿ ಪ್ರಶ್ನೆ ಕೇಳಿಸದಿದ್ದರೆ ‘ಐ ಡಿಡ್ನ್ಟ್ ಗೆಟ್ ಯು’ ಬದಲು ‘ಸಾರಿ, ಕುಡ್ ಯು ರಿಪೀಟ್ ದ್ಯಾಟ್?’ ಎನ್ನಿ. ಮೊದಲನೆಯದು ಒರಟಾಗಿ ಕೇಳಿಸುತ್ತದೆ. ಫೋನ್ ರಿಂಗಾದಾಗ, ಬಾಗಿಲು ಬಡಿದಾಗ ‘ಐಲ್ ಗೆಟ್ ಇಟ್’ ಎಂದರೆ ‘ಇರ್ರಿ, ನಾ ನೋಡ್ತೀನಿ’.

ಅರ್ಜಿಯಲ್ಲಿ

ಕಚೇರಿಗೆ ಬರೆಯುವಾಗ ‘ಗೆಟ್’ ಕಡಿಮೆ ಇದ್ದಷ್ಟೂ ಒಳ್ಳೆಯದು. ಹೀಗೊಂದು ಅರ್ಜಿ ಇದೆಯೆಂದುಕೊಳ್ಳಿ: ‘ಐ ಗಾಟ್ ಯುವರ್ ಲೆಟರ್. ಐ ಡಿಡ್ನ್ಟ್ ಗೆಟ್ ಮೈ ಸರ್ಟಿಫಿಕೇಟ್ ಟಿಲ್ ನೌ. ಪ್ಲೀಸ್ ಗೆಟ್ ಇಟ್ ಡನ್.’ ವ್ಯಾಕರಣ ಬಹುಮಟ್ಟಿಗೆ ಸರಿ, ಧಾಟಿ ಮಾತ್ರ ಗೆಳೆಯನಿಗೆ ಬರೆದಂತಿದೆ. ತಿದ್ದಿದರೆ ಹೀಗೆ: ‘ಐ ಹ್ಯಾವ್ ರಿಸೀವ್ಡ್ ಯುವರ್ ಲೆಟರ್. ದ ಸರ್ಟಿಫಿಕೇಟ್ ಹ್ಯಾಸ್ ನಾಟ್ ಯೆಟ್ ಬೀನ್ ಇಶ್ಯೂಡ್. ಐ ರಿಕ್ವೆಸ್ಟ್ ಯು ಟು ಇಶ್ಯೂ ಇಟ್ ಅಟ್ ದ ಅರ್ಲಿಯಸ್ಟ್.’ ಎರಡನೇ ವಾಕ್ಯದಲ್ಲಿ ‘ನನಗೆ ಸಿಗಲಿಲ್ಲ’ ಹೋಗಿ ‘ಇನ್ನೂ ಕೊಟ್ಟಿಲ್ಲ’ ಬಂದಿದೆ. ಕೊಡಬೇಕಾದವರು ಯಾರು ಎಂಬುದು ಹೆಸರೆತ್ತದೆಯೇ ಎದ್ದು ಕಾಣುತ್ತದೆ.

ಐಇಎಲ್‌ಟಿಎಸ್ ಜನರಲ್ ಟ್ರೇನಿಂಗ್ ಬರೆಯುವವರು ಇದನ್ನು ತಿರುಗಿಸಿಯೂ ನೋಡಬೇಕು. ಅಲ್ಲಿ ಮೊದಲ ಬರಹ ಕನಿಷ್ಠ 150 ಪದದ ಪತ್ರ. ಪ್ರಶ್ನೆ ಗೆಳೆಯನಿಗೆ ಬರೆಯಿರಿ ಎಂದಿದ್ದರೆ ‘ಐ ರಿಸೀವ್ಡ್ ಯುವರ್ ಇನ್ವಿಟೇಶನ್ ಆಂಡ್ ಬಿಕೇಮ್ ಹ್ಯಾಪಿ’ ಬಿಗಿದುಕೊಂಡಂತೆ ಓದುತ್ತದೆ. ‘ಐ ವಾಸ್ ಸೊ ಹ್ಯಾಪಿ ಟು ಗೆಟ್ ಯುವರ್ ಇನ್ವಿಟೇಶನ್’ ಎಂದು ಬರೆಯಿರಿ. ಅಲ್ಲಿ ‘ಗೆಟ್’ ಇರಲೇಬೇಕು.